ಸಹಾಯ ಬೇಕು: ಪಾರ್ಕಿನ ಮೂಲೆಯಲ್ಲಿ ಮೊದಲು ಏನು ಹಾಕಿಸಲಿ?

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನವರು. ನನ್ನ ಮಗನಿಗೆ 6 ವರ್ಷ, ಆಟಿಸಂ ಇದೆ. ತೂಗಾಡುವುದೆಂದರೆ ಅವನಿಗೆ ಪ್ರಾಣ. ಮನೆಯಲ್ಲಿ ಸೀರೆಯ ಜೋಲಿಯಲ್ಲಿ ಅರ್ಧ ಗಂಟೆ ತೂಗಿದರೆ ಬಿಗಿ ಹಿಡಿದ ಮೈ ಸಡಿಲವಾಗುತ್ತದೆ. ಆದರೆ ಪಾರ್ಕಿನಲ್ಲಿ ಜೋಕಾಲಿಯ ಸರಪಳಿ ಕಿರ್ ಅಂದರೆ ಸಾಕು, ಕಿವಿ ಮುಚ್ಚಿಕೊಂಡು ಗೇಟಿನತ್ತ ಓಡುತ್ತಾನೆ.

ಸರಪಳಿಗೆ ಎಣ್ಣೆ ಹಾಕಿಸಿದೆ, ನಾಲ್ಕೇ ದಿನ ಸರಿಯಿತ್ತು. ಸದ್ದು ಕೇಳದಿರಲೆಂದು ಹೆಡ್‌ಫೋನ್ ಹಾಕಿದರೆ ಕಿತ್ತೆಸೆಯುತ್ತಾನೆ. ಬೆಳಗ್ಗೆ ಆರಕ್ಕೇ ಹೋದರೆ ಗದ್ದಲವಿಲ್ಲ, ಜೊತೆಗೆ ಆಡುವ ಮಕ್ಕಳೂ ಇಲ್ಲ. ಅವನು ಎಲ್ಲರ ಜೊತೆ ಆಡಬೇಕು ಅಲ್ವಾ?

ಬೆಂಗಳೂರಿನ ಕೋಲ್ಸ್ ಪಾರ್ಕ್‌ನಲ್ಲಿ ಕಿಲಿಕಿಲಿ ಸಂಸ್ಥೆಯವರ ಪ್ರಯತ್ನದಿಂದ ವಿಶೇಷ ಅಗತ್ಯವಿರುವವರೂ ಸೇರಿ ಎಲ್ಲ ಮಕ್ಕಳೂ ಒಟ್ಟಿಗೆ ಆಡುವ ಜಾಗವಾಗಿದೆ. ಅದನ್ನು ತೋರಿಸಿ ಕೇಳಿದ ಮೇಲೆ ನಮ್ಮ ಬಡಾವಣೆ ಸಂಘದವರು ಒಂದು ಮೂಲೆ ಕೊಡಲು ಒಪ್ಪಿದ್ದಾರೆ. ದುಡ್ಡು ಮಾತ್ರ ಒಂದೇ ಕೆಲಸಕ್ಕೆ ಸಾಲುತ್ತದೆ.

ಇಲ್ಲೇ ನನಗೆ ಗೊಂದಲ. ಮಲಗಿಯೂ ತೂಗಬಹುದಾದ ಅಗಲವಾದ ಬುಟ್ಟಿ ಜೋಕಾಲಿ ಹಾಕಿಸಲಾ? ಅಥವಾ ಗದ್ದಲ ಜಾಸ್ತಿಯಾದಾಗ ಮಗು ಸುಮ್ನೆ ಹೋಗಿ ಕೂರಲು ಸ್ವಲ್ಪ ಮರೆಯಿರುವ ಪುಟ್ಟ ಗೂಡು ಕಟ್ಟಿಸಲಾ? ಜೋಕಾಲಿಯಾದರೆ ಕೆಳಗೆ ಮರಳು ಸಾಕಾ? ರಬ್ಬರ್ ಹಾಸು ಬಿಸಿಲಿಗೆ ಕಾಯುತ್ತದೆ, ಇವನು ಚಪ್ಪಲಿ ಹಾಕುವುದೇ ಇಲ್ಲ.

ಇಂಥ ಮಕ್ಕಳ ಅಪ್ಪ ಅಮ್ಮ, ಥೆರಪಿಸ್ಟ್‌ಗಳು ದಯವಿಟ್ಟು ಹೇಳಿ: ಎರಡರಲ್ಲಿ ಯಾವುದು ಮೊದಲು, ಯಾಕೆ?