ಡ್ರೈವರ್ ಸೀಟು ಪೂರಾ ಮುಂದೆ ಹೋಗಿ ಸಿಕ್ಕಿಬಿದ್ದಿದೆ, ಪವರ್ ಸೀಟ್ ಕೆಲಸ ಗೊತ್ತಿದ್ದವರು ಹೇಳಿ

ನೀರ್ಚಾಲಿನವ:

ಎಲ್ಲರಿಗೂ ನಮಸ್ಕಾರ. ನನ್ನ ಗಾಡಿ 8 ವರ್ಷದ ಸೆಡಾನ್, ಕೆಎಲ್ 14 (ಕಾಸರಗೋಡು) ನಂಬರ್, ಡ್ರೈವರ್ ಸೀಟು ಮಾತ್ರ ಪವರ್, ಅಂದ್ರೆ ಸ್ವಿಚ್ ಒತ್ತಿದ್ರೆ ಮೋಟಾರಲ್ಲಿ ಸರಿಯುವಂಥದ್ದು. ಆದಿತ್ಯವಾರ ಹೆಂಡತಿ ಕುಂಬಳೆಗೆ ಹೋಗಿ ಬಂದ್ಲು, ಅವಳಿಗೆ ಎತ್ತರ ಕಮ್ಮಿ, ಸೀಟು ಪೂರಾ ಮುಂದೆ ತಗೊಂಡೇ ಓಡಿಸುದು, ಸಾಯಂಕಾಲ ನಾನು ಕೂತು ಹಿಂದೆ ತಗೊಳ್ಳುವ ಅಂತ ಸ್ವಿಚ್ ಒತ್ತಿದ್ರೆ ಒಂದಿಂಚು ಅಲ್ಲಾಡ್ಲಿಲ್ಲ. ಮೊಣಕಾಲು ಸ್ಟೇರಿಂಗಿಗೆ ತಾಗ್ತದೆ, ಕ್ಲಚ್ ಒತ್ಲಿಕ್ಕೇ ಆಗುದಿಲ್ಲ. ಸೀಟು ಎತ್ತುದು ತಗ್ಗಿಸುದು, ಬೆನ್ನು ಒರಗಿಸುದು ಎಲ್ಲ ಸರಿ ಉಂಟು, ಮುಂದೆ ಹಿಂದೆ ಹೋಗುದು ಮಾತ್ರ ಇಲ್ಲ. ಫ್ಯೂಸ್ ತೆಗ್ದು ನೋಡಿದೆ, ಸರಿ ಇತ್ತು.

ಮಂಗಳೂರಿನ ಒಂದು ವರ್ಕ್‌ಶಾಪಿಗೆ ಫೋನ್ ಮಾಡಿದ್ರೆ, ಸೀಟಿನ ಅಡಿಯ ಫ್ರೇಮ್ ಮೋಟಾರ್ ಸಮೇತ ಒಂದೇ ಸೆಟ್, ಬಿಡಿ ಸಾಮಾನು ಸಿಗುದಿಲ್ಲ, ಹತ್ತಿರ ಹತ್ತಿರ 40,000 ಆಗ್ತದೆ ಅಂದ್ರು. ಗಾಡಿ ನೋಡ್ಲೂ ಇಲ್ಲ. ಅಪ್ಪನನ್ನು ವಾರಕ್ಕೆ ಎರಡು ಸಲ ಮಂಗಳೂರು ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಕ್ಕುಂಟು, ಹೋಗಿ ಬರ್ಲಿಕ್ಕೆ 100 ಕಿಲೋಮೀಟರ್, ಪ್ರತಿ ಸಲ ಬಾಡಿಗೆ ಕಾರು ಮಾಡುದು ಕಷ್ಟ. ನಾನೇ ಬಿಚ್ಚಿ ನೋಡ್ಬಹುದಾ? ಪಂಪ್‌ಸೆಟ್, ಮನೆಯ ವಯರಿಂಗ್ ಎಲ್ಲ ನಾನೇ ಮಾಡುದು, ಮಲ್ಟಿಮೀಟರ್ ಉಂಟು.

ಉಪ್ಪಳ ವಯರಿಂಗ್:

ಅಣ್ಣ, 40,000ಕ್ಕೆ ಈಗಲೇ ಒಪ್ಪಬೇಡಿ. ಬೇರೆ ಮೋಟಾರುಗಳು ತಿರುಗ್ತವೆ ಅಂದ್ರೆ ಸೀಟಿನವರೆಗೆ ಕರೆಂಟ್ ಬರ್ತಾ ಉಂಟು, ಅರ್ತ್ ಕೂಡ ಸರಿ ಉಂಟು ಅಂತಲೇ ಲೆಕ್ಕ, ಹೆಚ್ಚಿನ ಗಾಡಿಗಳಲ್ಲಿ ಎಲ್ಲದಕ್ಕೂ ಸಪ್ಲೈ ಒಂದೇ. ಹಾಗಾದ್ರೆ ಉಳಿಯುದು ಮೂರೇ ಜಾಗ, ಸ್ವಿಚ್ಚಿನ ಒಳಗೆ ಮುಂದೆ ಹಿಂದೆಯ ಕಾಂಟ್ಯಾಕ್ಟ್ ಮತ್ತು ಅಲ್ಲಿಂದ ಮೋಟಾರಿಗೆ ಹೋಗುವ ವಯರ್, ಆ ಮೋಟಾರ್, ಇಲ್ಲ ಮೋಟಾರಿಂದ ಆಚೆ ಇರುವ ಕೇಬಲ್ ಮತ್ತು ಸೀಟು ಜಾರುವ ರೈಲು.

ಒಂದು ಸ್ಪ್ಯಾನರ್ ಸಹ ಮುಟ್ಟುವ ಮೊದ್ಲು ಈ ಕೆಲಸ ಮಾಡಿ. ರಾತ್ರಿ ಬಾಗಿಲು ತೆಗ್ದು ಗಾಡಿಯ ಒಳಗೆ ಮೇಲಿರುವ ಲೈಟ್ ಹಾಕಿ, ಇಂಜಿನ್ ಆಫ್ ಇರ್ಲಿ, ಆಮೇಲೆ ಸ್ವಿಚ್ ಒತ್ತಿ ಹಿಡೀರಿ. ಲೈಟ್ ಸ್ವಲ್ಪ ಮಂಕಾದ್ರೆ ಮೋಟಾರು ಕರೆಂಟ್ ಎಳೀತಾ ಉಂಟು ಆದ್ರೆ ತಿರುಗ್ಲಿಕ್ಕೆ ಆಗ್ತಾ ಇಲ್ಲ ಅಂತ ಅರ್ಥ, ಎಲ್ಲೋ ಜಾಮ್. ಲೈಟಿಗೆ ಏನೂ ಆಗದಿದ್ರೆ ಕರೆಂಟೇ ಹೋಗ್ತಾ ಇಲ್ಲ. ತುಂಬ ಹೊತ್ತು ಒತ್ತಿ ಹಿಡೀಬೇಡಿ, ಎರಡು ಸೆಕೆಂಡ್ ಸಾಕು, ಜಾಮ್ ಆದ ಮೋಟಾರ್ ಬಿಸಿ ಆಗ್ತದೆ.

ಕರೆಂಟ್ ಹೋಗದಿದ್ರೆ ಮೋಟಾರಿನ ಎರಡು ವಯರಿಗೆ ಮೀಟರ್ ಇಟ್ಟು ಸ್ವಿಚ್ ಒತ್ಲಿಕ್ಕೆ ಹೇಳಿ. ಹಿಂದೆ ಒತ್ತಿದ್ರೆ 12 ವೋಲ್ಟ್, ಮುಂದೆ ಒತ್ತಿದ್ರೆ ಮೈನಸ್ 12 ತೋರಿಸ್ಬೇಕು, ಯಾಕಂದ್ರೆ ಸ್ವಿಚ್ ಮಾಡುದೇ ಪ್ಲಸ್ಸು ಮೈನಸ್ಸು ಅದಲು ಬದಲು. ಒಂದು ಕಡೆಗೆ ಮಾತ್ರ ಬಂದ್ರೆ ಸ್ವಿಚ್ಚೇ ಹೋಗಿದೆ. ಮತ್ತೆ ಇದನ್ನು ಕನೆಕ್ಟರ್ ಸಿಕ್ಕಿಸಿ ಇಟ್ಟುಕೊಂಡೇ ನೋಡಿ, ಹಿಂಬದಿಯಿಂದ ಮೀಟರಿನ ಕಡ್ಡಿ ತೂರಿಸಿ. ತೆಗ್ದು ನೋಡಿದ್ರೆ ಒಂದೇ ಎಳೆ ತಂತಿ ಉಳಿದ ವಯರಲ್ಲೂ 12 ಬರ್ತದೆ, ಲೋಡ್ ಬಿದ್ದಾಗ, ಅಂದ್ರೆ ಮೋಟಾರ್ ಕರೆಂಟ್ ಎಳೆಯುವಾಗ ಮಾತ್ರ ಬಣ್ಣ ಬಯಲಾಗುದು.

ಬದಿಯಡ್ಕ ಗಾಡಿಯವ:

ಮೇಲೆ ಹೇಳಿದ್ದು ಸರಿ, ನಾನು ಒಂದೇ ಎಚ್ಚರಿಕೆ ಹೇಳುದು. ಸೀಟಿನ ಅಡಿಯಲ್ಲಿ ಹಳದಿ ಕನೆಕ್ಟರ್ ಇರ್ತದೆ, ಅದು ಏರ್‌ಬ್ಯಾಗಿಂದು, ಅದಕ್ಕೆ ಮೀಟರೂ ಬೇಡ ಟೆಸ್ಟ್ ಲ್ಯಾಂಪೂ ಬೇಡ. ಸೀಟು ಹೊರಗೆ ತೆಗೀಲಿಕ್ಕೆ ಉಂಟು ಅಂತಾದ್ರೆ ಬ್ಯಾಟರಿ ಮೈನಸ್ ತೆಗ್ದು ಮ್ಯಾನ್ಯುವಲಲ್ಲಿ ಹೇಳಿದಷ್ಟು ನಿಮಿಷ ಕಾಯಿರಿ, ಆಮೇಲೆ ಮಾತ್ರ ಹಳದಿಯನ್ನು ಬಿಡಿಸಿ. ಅದು ಬಿಚ್ಚಿ ಇರುವಾಗ ಕೀ ಆನ್ ಮಾಡ್ಲೇಬೇಡಿ, ಏರ್‌ಬ್ಯಾಗ್ ಲೈಟ್ ಹತ್ತಿ ಕೂತ್ರೆ ಸ್ಕ್ಯಾನರ್ ಹಾಕಿಯೇ ತೆಗೀಬೇಕಾಗ್ತದೆ.

ನಿಮ್ಮದ್ರಲ್ಲಿ ಇನ್ನೊಂದು ತೊಂದರೆ ಉಂಟು, ಸೀಟು ಮುಂದೆ ಇರುವಾಗ ಹಿಂದಿನ ಬೋಲ್ಟ್ ಕಾಣ್ತದೆ, ಮುಂದಿನದ್ದು ಅಡಿಗೆ ಹೋಗಿರ್ತದೆ. ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಮಲಗಿ ಟಾರ್ಚ್ ಹಾಕಿ ನೋಡಿ, ಮಧ್ಯದಲ್ಲಿ ಒಂದು ಮೋಟಾರು, ಅದ್ರಿಂದ ಎಡಕ್ಕೂ ಬಲಕ್ಕೂ ಸ್ಪೀಡೋಮೀಟರ್ ಕೇಬಲಿನ ಹಾಗೆ ಎರಡು ಕೇಬಲ್ ಎರಡು ರೈಲಿಗೆ ಹೋಗ್ತದೆ. ಮೋಟಾರ್ ಸ್ಕ್ರೂ ಬಿಚ್ಚಿ ಕೇಬಲನ್ನು ಹೊರಗೆ ಎಳೆದು ಒಳಗಿನ ಕಂಬಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ ನಿಧಾನ ತಿರುಗಿಸಿದ್ರೆ ಸೀಟು ಹಿಂದೆ ಬರ್ತದೆ. ಎರಡು ಬದಿಯನ್ನೂ ಸ್ವಲ್ಪ ಸ್ವಲ್ಪವೇ ತಗೊಳ್ಬೇಕು, ಒಂದೇ ಬದಿ ಓಡಿಸಿದ್ರೆ ಸೀಟು ಓರೆಯಾಗಿ ಇನ್ನೂ ಬಿಗೀತದೆ.

ತುಕ್ಕು ಬಿಡಿಸುವ ಸ್ಪ್ರೇ ಹೊಡೀರಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಇದ್ದ ಗ್ರೀಸನ್ನೂ ತೊಳೆದು ಬಿಡ್ತದೆ. ಬಿಳಿ ಲಿಥಿಯಂ ಗ್ರೀಸ್ ತಗೊಳ್ಳಿ.

ಮಂಜೇಶ್ವರದ ಅಕ್ಕ:

ನಮ್ಮದ್ರಲ್ಲಿ ಎಲ್ಲವೂ ಒಮ್ಮೊಮ್ಮೆ ಕೆಲಸ ಮಾಡ್ತಿತ್ತು ಒಮ್ಮೊಮ್ಮೆ ಇಲ್ಲ, ನಿಮ್ಮದರ ಹಾಗೆ ಒಂದೇ ಅಲ್ಲ, ಆದ್ರೂ ಮುಂದೆ ಈ ಥ್ರೆಡ್ ಓದುವವರಿಗೆ ಬೇಕಾಗ್ತದೆ ಅಂತ ಬರೀತಿದ್ದೇನೆ. ಏಸಿ ನೀರು ಹೊರಗೆ ಹೋಗುವ ಪೈಪ್ ಕಟ್ಟಿ ನೀರೆಲ್ಲ ಕಾರ್ಪೆಟಿನ ಅಡಿಗೆ ಇಳಿದಿತ್ತು, ಮೇಲಿಂದ ಮುಟ್ಟಿದ್ರೆ ಒಣಗಿದ ಹಾಗೆ, ಅಡಿಯ ಸ್ಪಂಜ್ ಹಿಂಡಿದ್ರೆ ನೀರು. ಸೀಟಿನ ಅಡಿಯ ಕನೆಕ್ಟರ್ ತೆಗ್ದಾಗ ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ನಮ್ಮ ಮನೆ ಕಡಲಿನ ಬದಿ, ಮಳೆಗಾಲದಲ್ಲಿ ಅದು ಬೇಗ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಉಜ್ಜಿ, ಪೈಪ್ ಬಿಡಿಸಿ, ಕಾರ್ಪೆಟ್ ಎತ್ತಿ ಎರಡು ದಿನ ಬಿಸಿಲಿಗೆ ಇಟ್ಟ ಮೇಲೆ ಇವತ್ತಿನವರೆಗೆ ತೊಂದರೆ ಇಲ್ಲ. ಪೈಪ್ ನೋಡದೆ ಬರೇ ಪಿನ್ ಉಜ್ಜಿದ್ರೆ ಮತ್ತೆ ಅದೇ ಕಥೆ.

ನೀರ್ಚಾಲಿನವ:

ಮೂವರಿಗೂ ತುಂಬ ತುಂಬ ಉಪಕಾರ ಆಯ್ತು. ಸೀಟು ಸರಿಯಾಯ್ತು, ಆದದ್ದೆಲ್ಲ ಬರೀತೇನೆ.

ರಾತ್ರಿ ಲೈಟ್ ಹಾಕಿ ಒತ್ತಿದೆ, ಲೈಟ್ ಸರಿ ಮಂಕಾಯ್ತು, ಅಡಿಯಿಂದ ಟಕ್ ಅಂತ ಸಣ್ಣ ಶಬ್ದವೂ ಬಂತು, ಅಂದ್ರೆ ಜಾಮ್. ಬೆಳಿಗ್ಗೆ ಹಿಂದೆ ಮಲಗಿ ಟಾರ್ಚ್ ಬಿಟ್ರೆ ಎಡಬದಿಯ ರೈಲಿನ ಒಳಗೆ, ಹಲ್ಲಿನ ಕಂಬಿಗೂ ತಗಡಿಗೂ ಮಧ್ಯ, ಒಂದು ಚಾಲಿ ಅಡಿಕೆ (ಒಣಗಿಸಿ ಸುಲಿದದ್ದು). ಹೋದ ತಿಂಗಳು ಹಿಂದಿನ ಸೀಟಿನಲ್ಲಿ ಗೋಣಿ ಹಾಕಿ ಪೇಟೆಗೆ ಕೊಂಡುಹೋಗಿದ್ದೆ, ಗೋಣಿ ಸ್ವಲ್ಪ ಹರಿದಿತ್ತು. ಅರ್ಧಕ್ಕೆ ಒಡೆದು ಕಲ್ಲಿನ ಹಾಗೆ ಬಿಗಿದು ಕೂತಿತ್ತು, ಉದ್ದ ಮೂತಿಯ ಇಕ್ಕಳದಲ್ಲಿ ಚೂರು ಚೂರು ಮಾಡಿ ತೆಗ್ದೆ, ಅದಕ್ಕೇ ಮುಕ್ಕಾಲು ಗಂಟೆ.

ಅಡಿಕೆ ತೆಗ್ದು ಒತ್ತಿದ್ರೆ ಮೋಟಾರ್ ತಿರುಗಿತು ಆದ್ರೆ ಸೀಟು ಬಲಬದಿ ಮಾತ್ರ ಒಂದು ಬೆರಳಿನಷ್ಟು ಹಿಂದೆ ಬಂತು, ಎಡಬದಿ ಇದ್ದಲ್ಲೇ. ಕೂಡ್ಲೇ ಬಿಟ್ಟೆ. ನೋಡಿದ್ರೆ ಎಡಬದಿಯ ಕೇಬಲ್ ಮೋಟಾರಿಂದ ಹಿಂದೆ ಸರಿದು ಒಳಗಿನ ಚೌಕ ತುದಿ ಕಳಚಿಕೊಂಡಿತ್ತು. ಬಿಗಿದಾಗ ಎಳೆದದ್ದಕ್ಕೆ ಹಾಗಾದದ್ದಿರ್ಬೇಕು. ಪುಣ್ಯಕ್ಕೆ ತುದಿ ಸವೆದಿಲ್ಲ. ಬಲಬದಿಯನ್ನು ವಾಪಸ್ ಮುಂದೆ ಕೊನೆಯವರೆಗೆ ತಂದು, ಎರಡು ರೈಲೂ ಒಂದೇ ಮಟ್ಟಕ್ಕೆ ಬಂದ ಮೇಲೆ ಕೇಬಲ್ ಒಳಗೆ ತಳ್ಳಿ ಕ್ಲಿಪ್ ಹಾಕಿದೆ. ಈಗ ಬೆಣ್ಣೆಯ ಹಾಗೆ ಹೋಗ್ತದೆ. ಹಳದಿ ಕನೆಕ್ಟರ್ ಮುಟ್ಲೇ ಇಲ್ಲ, ಸೀಟು ಹೊರಗೆ ತೆಗೀಬೇಕಾಗ್ಲಿಲ್ಲ. ಖರ್ಚು ಗ್ರೀಸಿನ ಟ್ಯೂಬಿಗೆ ಮಾತ್ರ. ನಾಳೆ ಅಪ್ಪನ ಜೊತೆ ಹೋಗ್ಲಿಕ್ಕೆ ಗಾಡಿ ಆಯ್ತು.

ಉಪ್ಪಳ ವಯರಿಂಗ್:

ಸಂತೋಷ ಆಯ್ತು ಅಣ್ಣ. ಬಲಬದಿಯ ಕೇಬಲಿನ ಕ್ಲಿಪ್ಪನ್ನೂ ಒಮ್ಮೆ ಒತ್ತಿ ನೋಡಿಕೊಳ್ಳಿ, ಎಳೆತ ಅದಕ್ಕೂ ಬಿದ್ದಿರ್ತದೆ. ಮತ್ತೆ ಎಡ ರೈಲಿನ ಒಳಗೆ ಅಡಿಕೆಯ ಚೂರು ಉಳಿದಿದ್ರೆ ಗ್ರೀಸಿಗೆ ಅಂಟಿ ಕೂರ್ತದೆ, ಗ್ರೀಸ್ ಇನ್ನೂ ಹಾಕದಿದ್ರೆ ಅದಕ್ಕೆ ಮೊದ್ಲು ಪೆಟ್ರೋಲ್ ಪಂಪಿನ ಗಾಳಿಯಲ್ಲಿ ಊದಿಸಿ.