ಸಿಂಕಿನ ಮೂಲೆಯಲ್ಲಿ ಒಡೆದ ಗ್ರಾನೈಟ್ ಕಟ್ಟೆ: ಅಂಟು ಆಮೇಲೆ, ಆಸರೆ ಮೊದಲು

ಕೇಳಿದ್ದು: ಹೊಸದಾಗಿ ಹಾಕಿಸಿದ ಗ್ರಾನೈಟ್ ಕಟ್ಟೆಯಲ್ಲಿ ಸಿಂಕಿನ ಮೂಲೆಯಿಂದ ಮುಂದಿನ ಅಂಚಿನವರೆಗೆ ಬಿರುಕು ಬಿಟ್ಟಿದೆ. ಹಾಕಿದವರು "ಕಲ್ಲೇ ಹಾಗೆ, ಗೆರೆ ಇರುತ್ತೆ" ಅನ್ನುತ್ತಾರೆ. ಎಪಾಕ್ಸಿ ಅಂಟು ತುಂಬಿದರೆ ಸಾಕಾ, ಸ್ಲ್ಯಾಬೇ ಬದಲಿಸಬೇಕಾ? ಅನುಭವ ಇದ್ದವರು ಹೇಳಿ.

ಉತ್ತರ 1
ಎಪಾಕ್ಸಿ ತರುವ ಮೊದಲು ಟಾರ್ಚ್ ಹಿಡಿದು ಕಟ್ಟೆಯ ಕೆಳಗೆ ನೋಡಿ. ನಮ್ಮಲ್ಲೂ ಇದೇ ಜಾಗದಲ್ಲಿ ಒಡೆದಿತ್ತು. ರಿಪೇರಿಗೆ ಬಂದವರು ಮೇಲಿಂದ ಅಂಟು ತುಂಬಿ, ಪಾಲಿಶ್ ಹೊಡೆದು ಹೋದರು. ಸ್ವಲ್ಪ ದಿನಕ್ಕೇ ಅದೇ ಗೆರೆ ಮತ್ತೆ ಬಾಯಿಬಿಟ್ಟಿತು. ಕೆಳಗೆ ನೋಡಿದರೆ ಆ ಮೂಲೆಯಲ್ಲಿ ಕ್ಯಾಬಿನೆಟ್ಟಿಗೂ ಕಲ್ಲಿಗೂ ಮಧ್ಯೆ ಬೆರಳು ತೂರುವಷ್ಟು ಸಂದು!

ಗ್ರಾನೈಟ್ ತುಂಬಾ ಭಾರ ಹೇರಿದರೂ ತಡೆಯುತ್ತದೆ, ಆದರೆ ಬಗ್ಗುವುದಿಲ್ಲ. ಕೆಳಗೆ ಆಸರೆ ಇಲ್ಲದ ಕಡೆ ಭಾರ ಬಿದ್ದರೆ ಒಡೆಯುತ್ತದೆ, ಅಷ್ಟೇ. ಸಿಂಕಿಗೆ ಕೊರೆದ ಮೇಲೆ ಮುಂದೆ, ಹಿಂದೆ ಉಳಿಯುವುದು ಕಿರಿದಾದ ಪಟ್ಟಿ. ಸಾಲದ್ದಕ್ಕೆ ಮೂಲೆಯನ್ನು ಚೂಪಾಗಿ ಕೊರೆದಿದ್ದರೆ ಒತ್ತಡವೆಲ್ಲ ಅಲ್ಲೇ ಸೇರುತ್ತದೆ. ಮೂಲೆಗಳನ್ನು ಗುಂಡಗೆ ಕತ್ತರಿಸಬೇಕು. ಅವಸರದ ಕೆಲಸದಲ್ಲಿ ಬ್ಲೇಡ್ ಮೂಲೆ ದಾಟಿ ಹೋಗಿ ಕಲ್ಲಿನಲ್ಲಿ ಗೀರು ಉಳಿದಿರುತ್ತದೆ. ಬಿರುಕು ಶುರುವಾಗುವುದು ಬಹುಪಾಲು ಅಲ್ಲಿಂದಲೇ.

"ಕಲ್ಲೇ ಹಾಗೆ" ಅನ್ನುವುದು ಪೂರ್ತಿ ಸುಳ್ಳಲ್ಲ. ಕಲ್ಲಿನಲ್ಲಿ ಹುಟ್ಟಿನಿಂದಲೇ ಸಣ್ಣ ಗೆರೆಗಳು ಇರುತ್ತವೆ. ಉಗುರಿನಿಂದ ಅಡ್ಡ ಎಳೆದು ನೋಡಿ. ಉಗುರು ತಡೆದರೆ, ಒಂದು ಬದಿ ಎತ್ತರ ಇನ್ನೊಂದು ತಗ್ಗು ಇದ್ದರೆ, ಅದು ಬಿರುಕು. ಅದೂ ಸರಿಯಾಗಿ ಸಿಂಕಿನ ಮೂಲೆಯಿಂದಲೇ ಹೊರಟ ಗೆರೆಯನ್ನು ಕಲ್ಲಿನ ತಲೆಗೆ ಕಟ್ಟುವುದು ನನಗಂತೂ ಒಪ್ಪಿಗೆಯಿಲ್ಲ.

ನಮ್ಮಲ್ಲಿ ಎರಡನೇ ಸಲ ಮಾಡಿದ್ದು ಹೀಗೆ. ಕಟ್ಟೆ ಮೇಲಿನ ಭಾರವೆಲ್ಲ ಇಳಿಸಿದೆವು. ತಗ್ಗಿದ ಬದಿಯನ್ನು ಕೆಳಗಿಂದ ನಿಧಾನವಾಗಿ ಎತ್ತಿ, ರಸಮಟ್ಟ (ಸ್ಪಿರಿಟ್ ಲೆವೆಲ್) ಇಟ್ಟು ಸಮ ಮಾಡಿ, ಸಂದಿಗೆ ಪ್ಲಾಸ್ಟಿಕ್ ತುಂಡು ಕೊಟ್ಟೆವು. ಮರದ ತುಂಡು ಬೇಡ, ನೀರು ಕುಡಿದು ಉಬ್ಬುತ್ತದೆ. ಸಿಂಕಿನ ಮುಂದಿನ ಪಟ್ಟಿಗೆ ಅಡಿಯಿಂದ ತುಕ್ಕು ಹಿಡಿಯದ ಸ್ಟೀಲ್ ಆಂಗಲ್ ಬಂತು. ಆಮೇಲೆ ಬಿರುಕು ಪೂರ್ತಿ ಒಣಗುವವರೆಗೆ ಬಿಟ್ಟು, ಅಸಿಟೋನಿನಿಂದ ಜಿಡ್ಡು ತೆಗೆದೆವು. (ಒಲೆ ಆರಿಸಿ, ಕಿಟಕಿ ತೆರೆದಿಡಿ, ಅಸಿಟೋನಿಗೆ ಬೇಗ ಬೆಂಕಿ ಹತ್ತುತ್ತದೆ. ಕೆಲವು ಕಪ್ಪು ಕಲ್ಲಿಗೆ ಬಣ್ಣ ಹಚ್ಚಿರುತ್ತಾರೆ, ಮೊದಲು ಕಾಣದ ಮೂಲೆಯಲ್ಲಿ ಒರೆಸಿ ನೋಡಿ.) ಎರಡೂ ಬದಿಗೆ ಟೇಪ್ ಅಂಟಿಸಿ, ಕಲ್ಲಿನ ಬಣ್ಣಕ್ಕೆ ಹೊಂದುವ ಪುಡಿ ಬೆರೆಸಿದ ಎಪಾಕ್ಸಿ ತುಂಬಿದೆವು. ಕೂದಲೆಳೆ ಬಿರುಕಿಗೆ ತೆಳ್ಳಗೆ ಹರಿಯುವಂಥದ್ದೇ ಬೇಕು, ಗಟ್ಟಿ ಪೇಸ್ಟ್ ಒಳಗೆ ಇಳಿಯುವುದೇ ಇಲ್ಲ. ಸ್ವಲ್ಪ ಉಬ್ಬಾಗಿಯೇ ಬಿಟ್ಟು, ಮಾರನೇ ದಿನ ಬ್ಲೇಡಿನಿಂದ ಹೆರೆದರೆ ಸಮ. ಬೆಳಕಿಗೆ ಓರೆಯಾಗಿ ನೋಡಿದರೆ ಈಗಲೂ ಗೆರೆ ಕಾಣುತ್ತದೆ. ಕಾಣಲಿ ಬಿಡಿ, ಅಲುಗಾಡುವುದಿಲ್ಲ ಅಲ್ವಾ.

ಉತ್ತರ 2
ಸಿಂಕನ್ನೂ ನೋಡಿ. ಅಡಿಯಿಂದ ಕೂರಿಸಿದ ಸಿಂಕನ್ನು ಬರೀ ಅಂಟಿನಲ್ಲಿ ಕಲ್ಲಿಗೆ ನೇತುಹಾಕಿದ್ದರೆ ತುಂಬಿದ ನೀರಿನ ಭಾರವೂ ಆ ಪಟ್ಟಿ ಮೇಲೇ. ಸಿಂಕಿಗೆ ಬೇರೆಯದೇ ಆಸರೆ ಕೊಡಿಸಿ. ಹಾಗೇ ಕೆಳಗಿನ ಪ್ಲೈವುಡ್ ಮುಟ್ಟಿ ನೋಡಿ. ನೀರು ಸೋರಿ ಉಬ್ಬಿದ್ದರೆ ಅದೇ ಕಲ್ಲನ್ನು ಎತ್ತುತ್ತಿರುತ್ತದೆ.

ಉತ್ತರ 3
ನಮ್ಮದು ಕ್ವಾರ್ಟ್ಜ್. ಅದು ಕಲ್ಲಿನ ಪುಡಿಗೆ ರೆಸಿನ್ ಸೇರಿಸಿ ಮಾಡಿದ್ದು, ಹಾಗಾಗಿ ಒಲೆಯಿಂದ ಇಳಿಸಿದ ಪಾತ್ರೆ ನೇರವಾಗಿ ಇಟ್ಟರೂ ಬಿರುಕು ಬಿಡಬಹುದು. ಆ ನೆಪ ಇಟ್ಟುಕೊಂಡೇ ಹಾಕಿದವರು ಜಾರಿಕೊಳ್ಳಲು ನೋಡಿದರು. ಬಿರುಕು ಇದ್ದದ್ದು ಒಲೆಯಿಂದ ದೂರ, ಎರಡು ಕ್ಯಾಬಿನೆಟ್ ಮಧ್ಯದ ಖಾಲಿ ಜಾಗದ ಮೇಲೆ.

ಒಂದು ಮಾತು, ಯಾವ ಕಲ್ಲೇ ಆಗಲಿ ಮನೆಯೊಳಗೆ ಒಣ ಉಜ್ಜಾಟಕ್ಕೆ ಬಿಡಬೇಡಿ. ಆ ಧೂಳಿನ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು. ಕ್ವಾರ್ಟ್ಜಿನಲ್ಲಿ ಅದು ಇನ್ನೂ ಜಾಸ್ತಿ. ಕೆಲಸಗಾರರಿಗೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರುತ್ತಿದೆ ಎಂದೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ತಯಾರಿ ಕಲ್ಲಿನ ಸ್ಲ್ಯಾಬ್ ಹಾಕುವುದನ್ನೇ ನಿಷೇಧಿಸಿತು. ನೀರು ಬಿಟ್ಟುಕೊಂಡೇ ಕೆಲಸ ಮಾಡಿಸಿ.

ಉತ್ತರ 1, ಮತ್ತೆ
ಬದಲಿಸಬೇಕಾ ಅಂದಿರಲ್ಲ, ಅದು ಬಿಟ್ಟುಹೋಗಿತ್ತು. ಆಸರೆ ಕೊಟ್ಟ ಮೇಲೂ ತುಂಡು ಅಲುಗಿದರೆ, ಅಥವಾ ಬೇರೆ ಮೂಲೆಯಿಂದಲೂ ಬಿರುಕು ಹೊರಟಿದ್ದರೆ, ಬದಲಿಸಿ. ಒಂದೇ ಬಿರುಕಾದರೆ ರಿಪೇರಿ ಸಾಕು. ಆದರೆ ಏನೇ ಮುಟ್ಟುವ ಮೊದಲು ಕೆಳಗಿನ ಸಂದು, ಮೂಲೆಯ ಗೀರು, ರಸಮಟ್ಟದ ಗುಳ್ಳೆ, ಮೂರರದ್ದೂ ಫೋಟೋ ತೆಗೆದು ಹಾಕಿದವರಿಗೆ ಬರಹದಲ್ಲೇ ಕಳಿಸಿ. ಅಂಟು ತುಂಬಿ, ಪ್ಲಾಸ್ಟಿಕ್ ತೂರಿಸಿದ ಮೇಲೆ ತೋರಿಸೋಕೆ ಏನೂ ಉಳಿಯುವುದಿಲ್ಲ.