ಮನೆ ಸರ್ವರ್‌ನ ಡಿಸ್ಕ್ ಕೈಕೊಟ್ಟಾಗ: ಭಾನುವಾರದ ಪ್ರಶ್ನೋತ್ತರ

ನಿರ್ವಾಹಕರು: ಹಾರ್ಡ್ ಡಿಸ್ಕ್‌ಗಳಿಂದ ಮಾಹಿತಿ ಹೊರತೆಗೆಯುವುದನ್ನೇ ಕಸುಬಾಗಿಸಿಕೊಂಡಿರುವ ಬೆಂಗಳೂರಿನ ನಮ್ಮ ಸದಸ್ಯರು ಇಂದು ಉತ್ತರಿಸುತ್ತಾರೆ. ಗುಂಪಿನಲ್ಲಿ ಅವರ ಹೆಸರು ‘ರಿಕವರಿ ಮೇಜು’. ಮನೆಯ ನ್ಯಾಸ್ ಪೆಟ್ಟಿಗೆ (ಮನೆಯವರೆಲ್ಲರ ಕಡತಗಳನ್ನು ನೆಟ್‌ವರ್ಕ್ ಮೂಲಕ ಇಡುವ ಡಿಸ್ಕ್ ಪೆಟ್ಟಿಗೆ), ಹಳೆಯ ಪಿಸಿಯಲ್ಲಿ ಕಟ್ಟಿಕೊಂಡ ಸರ್ವರ್, ಅವುಗಳೊಳಗಿನ ಡಿಸ್ಕ್, ಇಷ್ಟರ ಬಗ್ಗೆ ಮಾತ್ರ ಕೇಳಿ. ಮೊಬೈಲ್ ರಿಪೇರಿ ಪ್ರಶ್ನೆ ಬೇಡ.

ದಾವಣಗೆರೆ ಸ್ಟುಡಿಯೊ: ನಮಸ್ಕಾರ ಸರ್. ಮದುವೆ ವಿಡಿಯೊಗಳಿರುವ ಡಿಸ್ಕ್ ಎರಡು ದಿನದಿಂದ ಟಕ್ ಟಕ್ ಎನ್ನುತ್ತಿದೆ. ಒಮ್ಮೆ ತೆರೆದುಕೊಳ್ಳುತ್ತದೆ, ಒಮ್ಮೆ ಇಲ್ಲ. ಯಾವ ಸಾಫ್ಟ್‌ವೇರ್ ಹಾಕಲಿ?

ರಿಕವರಿ ಮೇಜು: ಯಾವುದೂ ಬೇಡ. ಈಗಲೇ ಆಫ್ ಮಾಡಿ. ಒಳಗೆ ತಿರುಗುವ ತಟ್ಟೆಯಿಂದ ಮಾಹಿತಿ ಓದುವ ಹೆಡ್ ತನ್ನ ಜಾಗ ಸಿಗದೆ ಹಿಂದಕ್ಕೆ ಹೋಗಿ ಮತ್ತೆ ಹುಡುಕುತ್ತಿರುವ ಸದ್ದು ಅದು. ಇನ್ನೊಮ್ಮೆ ಆನ್ ಮಾಡಿದರೆ ತಟ್ಟೆಯ ಮೇಲೆ ಗೀರು ಬೀಳಬಹುದು. ಗೀರು ಬಿದ್ದ ಮೇಲೆ ನನ್ನ ಬಳಿ ತಂದು ಉಪಯೋಗವಿಲ್ಲ.

ಮನೆಮೋಡ: ಸರ್, ನ್ಯಾಸ್‌ಗೆ ಯಾವ ಡಿಸ್ಕ್ ಕೊಳ್ಳಬೇಕು?

ರಿಕವರಿ ಮೇಜು: ನ್ಯಾಸ್‌ಗೆಂದೇ ಮಾಡಿದ್ದು, ಟ್ರ್ಯಾಕ್‌ಗಳನ್ನು ಪಕ್ಕಪಕ್ಕದಲ್ಲಿ ಬಿಡಿಬಿಡಿಯಾಗಿ ಬರೆಯುವ ಸಿಎಮ್ಆರ್ ವಿಧದ್ದು. ಹೆಂಚು ಹೊದಿಸಿದ ಹಾಗೆ ಟ್ರ್ಯಾಕ್‌ಗಳನ್ನು ಒಂದರ ಅಂಚಿನ ಮೇಲೊಂದು ಬರೆಯುವ ಎಸ್ಎಮ್ಆರ್ ಬೇಡ. ಕೆಟ್ಟದ್ದರ ಜಾಗಕ್ಕೆ ಹಾಕಿದ ಹೊಸ ಡಿಸ್ಕ್ ಅನ್ನು ಉಳಿದವುಗಳಿಂದ ತುಂಬುವ ರೀಬಿಲ್ಡ್ ಹೊತ್ತಿನಲ್ಲಿ ಅದು ಏದುಸಿರು ಬಿಡುತ್ತದೆ.

ಹೊನ್ನಾವರ: ಸರ್, ನಮ್ಮದು ನಾಲ್ಕು ಡಿಸ್ಕ್‌ಗಳ ಪೆಟ್ಟಿಗೆ. ಒಂದೊಂದೂ 4 ಟಿಬಿ, ರೇಡ್ 5 (ಒಂದು ಡಿಸ್ಕ್ ಹೋದರೂ ಮಾಹಿತಿ ಉಳಿಯುವ ಜೋಡಣೆ). ಅಪ್ಪ ಮೂವತ್ತು ವರ್ಷ ಟೇಪ್ ರೆಕಾರ್ಡರ್ ಹೊತ್ತು ತಿರುಗಿ ಹಿಡಿದಿಟ್ಟ ತಾಳಮದ್ದಲೆ, ಯಕ್ಷಗಾನದ ಕ್ಯಾಸೆಟ್‌ಗಳನ್ನೆಲ್ಲ ಡಿಜಿಟಲ್ ಮಾಡಿ ಅದರಲ್ಲಿ ಇಟ್ಟಿದ್ದೆ. ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದು ಎಸೆದಾಗಿದೆ. ಜನವರಿಯಲ್ಲಿ 3ನೇ ಡಿಸ್ಕ್‌ಗೆ ಕೆಂಪು ದೀಪ ಬಂದು ಪೆಟ್ಟಿಗೆ ಬೀಪ್ ಎಂದು ಕೂಗತೊಡಗಿತು. ಅಮ್ಮನಿಗೆ ರಾತ್ರಿ ನಿದ್ದೆ ಬಾರದೆಂದು ಆ ಕೂಗನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿದೆ. ಹೊಸ ಡಿಸ್ಕ್ ತರುವಷ್ಟರಲ್ಲಿ ಮಾರ್ಚ್ ಆಯಿತು. ಹಾಕಿ ರೀಬಿಲ್ಡ್ ಕೊಟ್ಟೆ. ಶೇ. 61ಕ್ಕೆ ಬಂದಾಗ 1ನೇ ಡಿಸ್ಕ್ ಕೂಡ ಹೊರಬಿತ್ತು. ಈಗ ವಾಲ್ಯೂಮ್ ಕ್ರ್ಯಾಶ್ ಎಂದು ತೋರಿಸಿ ಪಕ್ಕದಲ್ಲಿ ‘ರಿಪೇರಿ’ ಎಂಬ ಬಟನ್ ಕೊಟ್ಟಿದೆ. ಒತ್ತಲೇ?

ರಿಕವರಿ ಮೇಜು: ಒತ್ತಬೇಡಿ. ಪೆಟ್ಟಿಗೆಯನ್ನು ಆಫ್ ಮಾಡಿ. ಡಿಸ್ಕ್‌ಗಳ ಮೇಲೆ 1, 2, 3, 4 ಎಂದು ಮಾರ್ಕರ್‌ನಲ್ಲಿ ಬರೆದು ಹೊರತೆಗೆಯಿರಿ. ನಾಲ್ಕರ ಸ್ಮಾರ್ಟ್ ಪಟ್ಟಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುವ ಪಟ್ಟಿ) 5, 197, 198, 199ನೇ ಸಾಲುಗಳ ಕೊನೆಯಲ್ಲಿರುವ ಸಂಖ್ಯೆ ಬೇಕು. ಪಿಸಿಗೆ ಜೋಡಿಸಿದಾಗ ವಿಂಡೋಸ್ ‘ಇನಿಶಿಯಲೈಸ್ ಮಾಡಲೇ’ ಎಂದು ಕೇಳುತ್ತದೆ. ಬೇಡ ಎನ್ನಿ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿದರೆ ಇನ್ನೂ ಒಳ್ಳೆಯದು. ಜನವರಿಯಲ್ಲಿ ತೆಗೆದ ಹಳೆಯ 3ನೇ ಡಿಸ್ಕ್ ಎಲ್ಲಿದೆ?

ಹೊನ್ನಾವರ: ಬೀರುವಿನಲ್ಲಿ, ಟವೆಲ್ ಸುತ್ತಿ ಇಟ್ಟಿದ್ದೇನೆ. ಸಿಸಿಟಿವಿಗೆ ಬೇಕೆಂದು ಭಾವ ಕೇಳಿದ್ದರು. ಸಂಜೆ ಒಯ್ಯಲು ಬರುತ್ತಾರೆ.

ರಿಕವರಿ ಮೇಜು: ಭಾವನಿಗೆ ಚಹಾ ಕೊಡಿ. ಡಿಸ್ಕ್ ಕೊಡಬೇಡಿ.

ನಿವೃತ್ತ ಮೇಷ್ಟ್ರು: ಎಲ್ಲರಿಗೂ ಉಪಯೋಗವಾಗಲೆಂದು ಬಂದ ಸಂದೇಶವನ್ನು ಹಂಚುತ್ತಿದ್ದೇನೆ: “ಕೆಟ್ಟ ಹಾರ್ಡ್ ಡಿಸ್ಕ್ ಅನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಮೆಲ್ಲಗೆ ಮೇಜಿಗೆ ತಟ್ಟಿ. ಆಗಲೂ ಓಡದಿದ್ದರೆ ಅದೇ ಮಾಡೆಲ್‌ನ ಹಸಿರು ಬೋರ್ಡ್ ಬದಲಿಸಿ. ಅಂಗಡಿಯವರು ಈ ಗುಟ್ಟು ಹೇಳುವುದಿಲ್ಲ.”

ರಿಕವರಿ ಮೇಜು: ಮೇಷ್ಟ್ರೇ, ನಿಮ್ಮ ಮೇಲೆ ಗೌರವವಿದೆ, ಈ ಸಂದೇಶದ ಮೇಲೆ ಇಲ್ಲ. ಫ್ರಿಜ್‌ನಿಂದ ತೆಗೆದ ಚೊಂಬು ಬೆವರುವುದನ್ನು ನೋಡಿದ್ದೀರಿ. ಹೆಚ್ಚಿನ ಡಿಸ್ಕ್‌ಗಳಿಗೆ ಗಾಳಿಯಾಡುವ ಸಣ್ಣ ರಂಧ್ರವಿರುತ್ತದೆ. ಆ ಬೆವರು ಒಳಗಿನ ತಟ್ಟೆಯ ಮೇಲೂ ಕೂರುತ್ತದೆ. ಹೆಡ್ ತೇಲುವುದು ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ. ಅದರ ಮುಂದೆ ನೀರಿನ ಹನಿ ಎಂದರೆ ಗುಡ್ಡ. ಇನ್ನು ಬೋರ್ಡ್: ಈಗಿನ ಡಿಸ್ಕ್‌ಗಳ ಬೋರ್ಡ್‌ನಲ್ಲಿ ಆ ಒಂದು ಡಿಸ್ಕ್‌ಗೆ ಮಾತ್ರ ಹೊಂದುವ ಅಳತೆಗಳನ್ನು ತುಂಬಿದ ಪುಟ್ಟ ಮೆಮೊರಿ ಚಿಪ್ ಇರುತ್ತದೆ. ಅದನ್ನು ಬಿಚ್ಚಿ ಹೊಸ ಬೋರ್ಡ್‌ಗೆ ಬೆಸೆಯದೆ ಬರೀ ಬೋರ್ಡ್ ಬದಲಿಸಿದರೆ ಪರರ ಕನ್ನಡಕ ಹಾಕಿಕೊಂಡಂತೆ. ಮೇಜಿಗೆ ತಟ್ಟುವ ಬಗ್ಗೆ ನಾನು ಏನನ್ನೂ ಬರೆಯುವುದಿಲ್ಲ.

ನಿವೃತ್ತ ಮೇಷ್ಟ್ರು: ನನ್ನ ಸ್ನೇಹಿತರೊಬ್ಬರಿಗೆ ಇದರಿಂದಲೇ ಸರಿಹೋಯಿತಂತೆ.

ಹುಬ್ಬಳ್ಳಿ ಹಾರ್ಡ್‌ವೇರ್: ಆಯುಧಪೂಜೆಯಲ್ಲಿ ಡಿಸ್ಕ್‌ಗಳಿಗೂ ಅರಿಶಿನ ಕುಂಕುಮ ಹಚ್ಚುತ್ತೇವೆ. ತೊಂದರೆ ಇದೆಯೇ ಸರ್?

ರಿಕವರಿ ಮೇಜು: ಪೆಟ್ಟಿಗೆಯ ಹೊರಮೈಗೆ ಹಚ್ಚಿ. ಡಿಸ್ಕ್‌ನ ಮೇಲೆ ‘ಈ ರಂಧ್ರ ಮುಚ್ಚಬೇಡಿ’ ಎಂದು ಬರೆದ ಕಡೆಯೇ ಬೊಟ್ಟಿಟ್ಟ ಡಿಸ್ಕ್ ನನ್ನ ಅಂಗಡಿಗೆ ಬಂದಿದೆ.

ಮಂಡ್ಯ ಮನೆ: ನನ್ನ ಪೆಟ್ಟಿಗೆಯಲ್ಲಿ ಡಿಸ್ಕ್ ಆರೋಗ್ಯ ‘ಪಾಸ್ಡ್’ ಎಂದಿದೆ. ನಿಶ್ಚಿಂತೆಯಿಂದ ಇರಬಹುದಲ್ಲವೇ?

ರಿಕವರಿ ಮೇಜು: ಇಲ್ಲ. 2007ರಲ್ಲಿ ಗೂಗಲ್‌ನವರು ತಮ್ಮ ಡಿಸ್ಕ್‌ಗಳ ಲೆಕ್ಕ ಪ್ರಕಟಿಸಿದರು. ಕೆಟ್ಟ ಡಿಸ್ಕ್‌ಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚಿನವು ಸ್ಮಾರ್ಟ್‌ನಲ್ಲಿ ಯಾವ ಸುಳಿವನ್ನೂ ಕೊಡದೆ ಸತ್ತಿದ್ದವು. ಸ್ಕ್ಯಾನ್‌ನಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ಉಳಿದವುಗಳಿಗಿಂತ 39 ಪಟ್ಟು. ಸುಳಿವು ಸಿಕ್ಕರೆ ನಂಬಿ. ಸಿಗದಿದ್ದರೆ ನಂಬಬೇಡಿ.

ಎರಡನೇ ಪ್ಯಾರಿಟಿ: ಹೊನ್ನಾವರದವರು ಎರಡು ಡಿಸ್ಕ್ ಹೋದರೂ ತಾಳುವ ರೇಡ್ 6 ಹಾಕಿದ್ದರೆ ಈ ಗತಿ ಬರುತ್ತಿರಲಿಲ್ಲ. ಸಾಧಾರಣ ಡಿಸ್ಕ್ 10ರ 14ನೇ ಘಾತದಷ್ಟು ಬಿಟ್ ಓದಿದರೆ ಒಂದು ದೋಷ ಬರಬಹುದೆಂದು ತಯಾರಕರೇ ಬರೆಯುತ್ತಾರೆ. ಅದು 12.5 ಟಿಬಿ. ಮೂರು ಡಿಸ್ಕ್ ಓದಿ ಮುಗಿಸುವಷ್ಟರಲ್ಲಿ 12 ಟಿಬಿ ಆಗುತ್ತದೆ. ರೇಡ್ 5 ಸತ್ತು ಹೋಗಿದೆ.

ಸೊನ್ನೆ ಒಂದು: ಅದು ತಯಾರಕರು ಕೊಡುವ ಮಿತಿ, ಪಂಚಾಂಗದ ಮುಹೂರ್ತವಲ್ಲ. ನಾನು ಪ್ರತಿ ತಿಂಗಳು 20 ಟಿಬಿ ಪೂರ್ತಿ ಓದಿಸಿ ಪರೀಕ್ಷಿಸುತ್ತೇನೆ. ಒಂದೂ ದೋಷ ಬಂದಿಲ್ಲ.

ಎರಡನೇ ಪ್ಯಾರಿಟಿ: ಬಂದ ದಿನ ಇಲ್ಲಿಗೇ ಬರುತ್ತೀರಿ.

ಡಬ್ಲಿನ್ ಕನ್ನಡಿಗ: ಈ ಕಾಲದಲ್ಲಿ ಮನೆಯಲ್ಲಿ ಡಿಸ್ಕ್ ಇಟ್ಟುಕೊಳ್ಳುವುದೇ ತಪ್ಪು. ಕ್ಲೌಡ್‌ಗೆ ಹಾಕಿ ಮರೆತುಬಿಡಿ.

ಸೊನ್ನೆ ಒಂದು: ನಮ್ಮೂರಿನ ಇಂಟರ್‌ನೆಟ್‌ನಲ್ಲಿ 8 ಟಿಬಿ ಮೇಲೇರಿಸಿ ತೋರಿಸಿ. ಮರೆಯುವುದಿರಲಿ, ಮೊಮ್ಮಕ್ಕಳಿಗೆ ಹೇಳಿ ಹೋಗಬೇಕಾಗುತ್ತದೆ.

ಡಬ್ಲಿನ್ ಕನ್ನಡಿಗ: ಸಲಹೆ ಕೊಟ್ಟರೆ ವ್ಯಂಗ್ಯ. ಅದಕ್ಕೇ ಈ ಗುಂಪಿನಲ್ಲಿ ಯಾರೂ ಬರೆಯುವುದಿಲ್ಲ.

ಕಲಬುರಗಿ: ಸರ್, ಡೇಟಾ ರಿಕವರಿಗೆ ಎಷ್ಟು ಖರ್ಚಾಗುತ್ತದೆ?

ಹೊನ್ನಾವರ: ಸರ್, ಅಂಕಿಗಳು. 1ನೇ ಡಿಸ್ಕ್: 5ರಲ್ಲಿ 16, 197 ಮತ್ತು 198 ಎರಡರಲ್ಲೂ 48, 199 ಸೊನ್ನೆ. 2 ಮತ್ತು 4: ಎಲ್ಲವೂ ಸೊನ್ನೆ. ಹೊಸ 3: 199ರಲ್ಲಿ 37, ಉಳಿದದ್ದು ಸೊನ್ನೆ. ಬೀರುವಿನ ಹಳೆಯ 3: 199ರಲ್ಲಿ 2,114, ಉಳಿದದ್ದೆಲ್ಲ ಸೊನ್ನೆ. ಭಾವ ಬರಿಗೈಯಲ್ಲಿ ಹೋದರು.

ರಿಕವರಿ ಮೇಜು: ಇದಕ್ಕಾಗಿಯೇ ಕಾಯುತ್ತಿದ್ದೆ. ನಿಧಾನವಾಗಿ ಓದಿ.

199 ಎನ್ನುವುದು ತಟ್ಟೆಯ ಆರೋಗ್ಯದ ಲೆಕ್ಕವಲ್ಲ. ಡಿಸ್ಕ್‌ಗೂ ಪೆಟ್ಟಿಗೆಗೂ ನಡುವೆ ಮಾಹಿತಿ ಸಾಗುವಾಗ ಎಷ್ಟು ಸಲ ತಪ್ಪಿತು ಎಂಬ ಲೆಕ್ಕ. ಉಳಿದದ್ದೆಲ್ಲ ಸೊನ್ನೆಯಾಗಿದ್ದು ಇದೊಂದೇ ಎರಡು ಸಾವಿರ ದಾಟಿದರೆ ದೋಷ ಕೇಬಲ್‌ನದ್ದು. ನಿಮ್ಮ ಪೆಟ್ಟಿಗೆಯಲ್ಲಿ ಕೇಬಲ್ ಇಲ್ಲ, ಹಾಗಾಗಿ 3ನೇ ಗೂಡಿನ ಹಿಂದಿರುವ ಕನೆಕ್ಟರ್‌ನದ್ದು. ಅದೇ ಗೂಡಿಗೆ ಹಾಕಿದ ಹೊಚ್ಚ ಹೊಸ ಡಿಸ್ಕ್‌ಗೂ ಕೆಲವೇ ಗಂಟೆಗಳಲ್ಲಿ 37 ಬಂತು ನೋಡಿ. ಟಾರ್ಚ್ ಹಿಡಿದು ಆ ಕನೆಕ್ಟರ್‌ನ ಚಿನ್ನದ ಬಣ್ಣದ ಹಲ್ಲುಗಳನ್ನು ನೋಡಿ. ನಿಮ್ಮದು ಕಡಲತೀರ, ಕಪ್ಪೋ ಹಸಿರೋ ಮಾಸಲು ಕಾಣುತ್ತದೆಂದು ನನ್ನ ಊಹೆ.

ಅಲ್ಲಿಗೆ ಜನವರಿಯಲ್ಲಿ ನಿಮ್ಮ 3ನೇ ಡಿಸ್ಕ್ ಸತ್ತೇ ಇರಲಿಲ್ಲ. ಗೂಡು ಕೈಕೊಟ್ಟಿತು, ಪೆಟ್ಟಿಗೆ ಡಿಸ್ಕ್ ಅನ್ನು ಹೊರಹಾಕಿತು.

ನಿಜವಾಗಿ ಕೆಡುತ್ತಿರುವುದು 1ನೆಯದು. 197ರ 48 ಎಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು, ಅಂದರೆ ತಟ್ಟೆಯ ಮೇಲಿನ ಪುಟ್ಟ ತುಣುಕುಗಳು. ಒಂದಕ್ಕೆ 512 ಬೈಟ್ ಹಿಡಿದರೂ ಒಟ್ಟು 24 ಕಿಲೋಬೈಟ್. 128 ಕೆಬಿಪಿಎಸ್ ಎಂಪಿ3ಯಲ್ಲಿ ಅದು ಒಂದೂವರೆ ಸೆಕೆಂಡಿನ ತಾಳಮದ್ದಲೆ. ಅಷ್ಟಕ್ಕಾಗಿ ಇಡೀ ಪೆಟ್ಟಿಗೆ ಮಲಗಿದೆ. ಆದರೆ ಇದು ಇದುವರೆಗೆ ಓದಲು ಹೋಗಿ ಸಿಕ್ಕಿದ್ದರ ಲೆಕ್ಕ. ಓದದ ಕಡೆ ಇನ್ನೂ ಇರಬಹುದು. ಆ ಸೆಕ್ಟರ್‌ಗಳು ಕಡತಗಳ ಪಟ್ಟಿಯಿರುವ ಜಾಗದಲ್ಲಿದ್ದರೆ ಒಂದೂವರೆ ಸೆಕೆಂಡಿಗೆ ನಿಲ್ಲುವುದೂ ಇಲ್ಲ.

ನನಗೆ ಕುತೂಹಲ ಹುಟ್ಟಿಸಿದ್ದು ಬೀರುವಿನ ಡಿಸ್ಕ್. ರೇಡ್ 5ರಲ್ಲಿ ಯಾವುದೇ ಮೂರು ಡಿಸ್ಕ್‌ಗಳಿಂದ ನಾಲ್ಕನೆಯದನ್ನು ಲೆಕ್ಕ ಹಾಕಿ ತುಂಬಬಹುದು. 1ರಲ್ಲಿ ಓದಲಾಗದ ಆ ಆರು ಜಾಗಗಳನ್ನು (ಎಂಟು ಸೆಕ್ಟರ್ ಸೇರಿ 4,096 ಬೈಟ್‌ನ ಒಂದು ಜಾಗ) 2, 4 ಮತ್ತು ಹಳೆಯ 3ರಿಂದ ತುಂಬಬಹುದೇ? ಹಳೆಯ 3 ಜನವರಿಯಲ್ಲೇ ನಿಂತ ಗಡಿಯಾರ. ಜನವರಿಯ ನಂತರ ಬರೆದ ಜಾಗಗಳಲ್ಲಿ ಅದು ಸುಳ್ಳು ಹೇಳುತ್ತದೆ. ಆದರೆ ಅಪ್ಪನ ಕ್ಯಾಸೆಟ್‌ಗಳನ್ನು ನೀವು ಹಾಕಿದ್ದು ಅದಕ್ಕೆ ಎಷ್ಟೋ ಮುಂಚೆ. ಆ ಜಾಗಗಳನ್ನು ಆಮೇಲೆ ಯಾರೂ ಮುಟ್ಟಿರದಿದ್ದರೆ ಅಲ್ಲಿ ಅದು ಹೇಳುವುದೆಲ್ಲ ಸತ್ಯ. ರೀಬಿಲ್ಡ್ ಆದ ಹೊಸ ಡಿಸ್ಕ್‌ನ ಶೇ. 61 ಇಲ್ಲಿ ಕೆಲಸಕ್ಕೆ ಬಾರದು. ಅದನ್ನು ತುಂಬಿದ್ದೇ 1ನೆಯದನ್ನು ಓದಿ. ಭಾವ ಸಂಜೆಯ ಬದಲು ಬೆಳಿಗ್ಗೆಯೇ ಬಂದಿದ್ದರೆ ಈ ದಾರಿಯೇ ಮುಚ್ಚಿ ಹೋಗುತ್ತಿತ್ತು.

ಈಗ ಕೆಲಸ. 4 ಟಿಬಿಗೆ ಕಡಿಮೆಯಿಲ್ಲದ ಬೇರೆ ಎರಡು ಡಿಸ್ಕ್ ತನ್ನಿ, ಹೊಸ 3 ಹಾಗೆಯೇ ಇರಲಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಪ್ರತಿ ತೆಗೆಯುವ ಸಾಫ್ಟ್‌ವೇರ್ ಬಳಸಿ ಮೊದಲು 1ನೆಯದರ, ನಂತರ ಹಳೆಯ 3ರ ಪೂರ್ತಿ ಪ್ರತಿ ತೆಗೆಯಿರಿ. ಅದು ಸುಲಭವಾಗಿ ಓದಬಹುದಾದುದನ್ನೆಲ್ಲ ಮೊದಲು ಬಾಚಿಕೊಂಡು ಕಷ್ಟದ ಜಾಗಕ್ಕೆ ಆಮೇಲೆ ಹೋಗುತ್ತದೆ. ಯಾವ ಜಾಗ ಓದಿತು, ಯಾವುದು ಬಾಕಿ ಎಂದು ಬರೆದಿಡುವ ಮ್ಯಾಪ್ ಫೈಲ್‌ನ ಹೆಸರು ಕೊಡುವುದನ್ನು ಮರೆಯಬೇಡಿ. ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಸೆಕೆಂಡಿಗೆ 150 ಎಂಬಿ ಸಿಕ್ಕರೆ ಒಂದು ಪ್ರತಿಗೆ ಏಳೂವರೆ ಗಂಟೆ. ಡಿಸ್ಕ್ ಪಕ್ಕದಲ್ಲಿ ಫ್ಯಾನ್ ಇರಲಿ. ಎಂಟರ್ ಒತ್ತುವ ಮೊದಲು ಯಾವುದರಿಂದ ಯಾವುದಕ್ಕೆ ಎಂಬುದನ್ನು ಸೀರಿಯಲ್ ನಂಬರ್‌ನಿಂದ ಖಚಿತಪಡಿಸಿಕೊಳ್ಳಿ. ಖಾಲಿ ಡಿಸ್ಕ್ ಅನ್ನು ತುಂಬಿದ ಡಿಸ್ಕ್ ಮೇಲೆ ಅಚ್ಚುಕಟ್ಟಾಗಿ ಪ್ರತಿ ಮಾಡಿದವರೊಬ್ಬರು ನನ್ನ ಮೇಜಿನ ಮುಂದೆ ಕುಳಿತು ಅತ್ತಿದ್ದಾರೆ. ಅವರಿಗೆ ನಾನು ಏನೂ ಮಾಡಲಾಗಲಿಲ್ಲ.

ನಿವೃತ್ತ ಮೇಷ್ಟ್ರು: ಇಷ್ಟೆಲ್ಲ ಏಕೆ? ವಿಂಡೋಸ್‌ನಲ್ಲೇ ಇರುವ ಚೆಕ್‌ಡಿಸ್ಕ್ ಓಡಿಸಿದರೆ ಬ್ಯಾಡ್ ಸೆಕ್ಟರ್ ಸರಿಹೋಗುತ್ತದೆ ಎಂದು ಇನ್ನೊಂದು ಸಂದೇಶದಲ್ಲಿದೆ.

ರಿಕವರಿ ಮೇಜು: ಕೆಡುತ್ತಿರುವ ಡಿಸ್ಕ್ ಮೇಲೆ ರಿಪೇರಿಗೆಂದು ಚೆಕ್‌ಡಿಸ್ಕ್ ಓಡಿಸಿದರೆ ಅದು ಬರೆಯಲು ಆರಂಭಿಸುತ್ತದೆ. ಅರ್ಥವಾಗದ ಕಡತಗಳನ್ನು ಅಳಿಸಿಬಿಡಬಹುದು. ಮೇಷ್ಟ್ರೇ, ಕೈ ಮುಗಿಯುತ್ತೇನೆ, ಆ ಸಂದೇಶ ಕಳಿಸಿದವರ ನಂಬರ್ ಬ್ಲಾಕ್ ಮಾಡಿ.

ನಿವೃತ್ತ ಮೇಷ್ಟ್ರು: ಅವನು ನನ್ನ ಅಳಿಯ.

ಕೋಲಾರ ಐಟಿ: ನ್ಯಾಸ್‌ಗೆ ಯಾವ ಡಿಸ್ಕ್ ಒಳ್ಳೆಯದು ಸರ್?

ರಿಕವರಿ ಮೇಜು: ಮೇಲೆ ಬರೆದಿದ್ದೇನೆ.

ಶಿವಮೊಗ್ಗ: ಎಸ್‌ಎಸ್‌ಡಿ ಕ್ಯಾಶ್ ಹಾಕಿದರೆ ಡಿಸ್ಕ್‌ನ ಆಯಸ್ಸು ಹೆಚ್ಚುತ್ತದೆಯೇ?

ತುಮಕೂರು: ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವಾಗ ನಮ್ಮ ಸರ್ವರ್ ರೀಸ್ಟಾರ್ಟ್ ಆಗುತ್ತದೆ.

ಸೊನ್ನೆ ಒಂದು: ಇನ್ವರ್ಟರ್ ಹಿಂಬದಿಯಲ್ಲಿ ಯುಪಿಎಸ್ ಮೋಡ್‌ನ ಸ್ವಿಚ್ ಇದೆಯೇ ನೋಡಿ.

ರಿಕವರಿ ಮೇಜು: ಸ್ವಿಚ್ ನೆಚ್ಚಬೇಡಿ. ಸಣ್ಣ ಯುಪಿಎಸ್ ಪ್ರತ್ಯೇಕವಾಗಿ ಇಡಿ, ಅದರ ಯುಎಸ್‌ಬಿ ತಂತಿಯನ್ನು ಪೆಟ್ಟಿಗೆಗೆ ಜೋಡಿಸಿ. ಬ್ಯಾಟರಿ ಇಳಿದಾಗ ಪೆಟ್ಟಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆ.

ಎರಡನೇ ಪ್ಯಾರಿಟಿ: ರೇಡ್ 6 ಬಗ್ಗೆ ತಜ್ಞರ ಅಭಿಪ್ರಾಯ ಬರಲಿ. ಕೆಲವರು ಒಂದು ಪೆಟ್ಟಿಗೆ ಇಟ್ಟುಕೊಂಡು ಪಾಠ ಮಾಡುತ್ತಿದ್ದಾರೆ.

ಸೊನ್ನೆ ಒಂದು: ನನ್ನದು ಮೂರು ಪೆಟ್ಟಿಗೆ.

ರಿಕವರಿ ಮೇಜು: ರೇಡ್ ಐದೋ ಆರೋ, ತಪ್ಪಿ ಡಿಲೀಟ್ ಒತ್ತಿದರೆ ನಾಲ್ಕೂ ಡಿಸ್ಕ್‌ಗಳಿಂದ ಒಟ್ಟಿಗೆ ಹೋಗುತ್ತದೆ. ಬೇರೆ ಮನೆಯಲ್ಲಿ ಒಂದು ಪ್ರತಿ ಇಟ್ಟವರು ಮಾತ್ರ ಈ ಜಗಳ ಮುಂದುವರಿಸಿ.

(ಆಮೇಲೆ ಮೂರು ಗಂಟೆ ಇಬ್ಬರೂ ಬರೆಯಲಿಲ್ಲ.)

ಕಲಬುರಗಿ: ಖರ್ಚಿನ ಬಗ್ಗೆ ಕೇಳಿದ್ದೆ.

ನಿರ್ವಾಹಕರು: ಮೇಷ್ಟ್ರು ಕಳಿಸಿದ ಮೂರನೇ ಸಂದೇಶವನ್ನು ತೆಗೆದುಹಾಕಿದ್ದೇನೆ. ಡಿಸ್ಕ್ ಅನ್ನು ಅಕ್ಕಿ ಡಬ್ಬಿಯಲ್ಲಿ ಇಡುವ ವಿಷಯ.

ಹೊನ್ನಾವರ (ಮಂಗಳವಾರ): ಸರ್, ಎರಡೂ ಪ್ರತಿ ಮುಗಿದವು. ಹಳೆಯ 3 ಪೂರ್ತಿ ಬಂತು, ಒಂದೂ ದೋಷವಿಲ್ಲ. 1ನೆಯದು ರಾತ್ರಿಯಿಡೀ ಓಡಿ ಕೊನೆಗೆ 20,480 ಬೈಟ್ ಉಳಿಯಿತು. ಕನೆಕ್ಟರ್‌ನ ಹಲ್ಲುಗಳು ನೀವು ಹೇಳಿದಂತೆಯೇ ಹಸಿರು. ಉಳಿದದ್ದಕ್ಕೆ ಇನ್ನೂ ಹತ್ತು ಸಲ ಪ್ರಯತ್ನಿಸಲೇ?

ರಿಕವರಿ ಮೇಜು: ಬೇಡ, ಆ ಡಿಸ್ಕ್‌ಗೆ ವಿಶ್ರಾಂತಿ ಕೊಡಿ. 4,096 ಬೈಟ್‌ನ ಆ ಐದು ಜಾಗಗಳು ಎಲ್ಲಿವೆ ಎಂಬುದು ಮ್ಯಾಪ್ ಫೈಲ್‌ನಲ್ಲಿದೆ. ಎರಡು ಪ್ರತಿ, 2, 4 ಮತ್ತು ಆ ಫೈಲ್ ತೆಗೆದುಕೊಂಡು ಬನ್ನಿ. ಮುಂದಿನದು ಗುಂಪಿನಲ್ಲಿ ಹೇಳಿ ಮಾಡಿಸುವಂಥದ್ದಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಳ್ಳಿ, ಡಿಕ್ಕಿಗೆ ಹಾಕಬೇಡಿ.

ಬೀದರ್: ಹೊಸ ಸದಸ್ಯ. ನ್ಯಾಸ್‌ಗೆ ಯಾವ ಡಿಸ್ಕ್ ಕೊಳ್ಳಬೇಕು ಸರ್?

ಹೊನ್ನಾವರ: ಸರ್, ಇನ್ನೊಂದು. ಪೆಟ್ಟಿಗೆ ಮತ್ತೆ ಕೂಗುತ್ತಿದೆ. ಅಮ್ಮ ನಿಲ್ಲಿಸು ಎನ್ನುತ್ತಿದ್ದಾರೆ.

ರಿಕವರಿ ಮೇಜು: ಅದನ್ನು ಏಕೆ ಆನ್ ಮಾಡಿದಿರಿ?

ಹೊನ್ನಾವರ: ಒಳಗೆ ಡಿಸ್ಕ್ ಇಲ್ಲ ಸರ್, ಖಾಲಿ. ಕನೆಕ್ಟರ್ ಒರೆಸಿದ್ದೆ, ದೀಪ ಬರುತ್ತದೆಯೇ ನೋಡೋಣವೆಂದು.

ರಿಕವರಿ ಮೇಜು: ಪ್ಲಗ್ ಕಿತ್ತುಬಿಡಿ. ಸೆಟ್ಟಿಂಗ್ ಮುಟ್ಟಬೇಡಿ.